ಚಿಟ್ಟಿಲಿಗೂ ಗುಬ್ಬಚ್ಚಿಗೂ ಹೋಲಿಕೆ ಮಾಡುವುದು ಹೇಗೆ?

ಒಂದು ಸಸ್ತನಿ, ಒಂದು ಹಕ್ಕಿ ಹೋಲಿಸಬೇಕು ಅಂದ ಕೂಡಲೇ ಆನೆ, ಹದ್ದು ಅಂತ ಹೊರಡಬೇಡಿ. ತೂಕದಲ್ಲಿ ಹತ್ತಿರ ಇರುವ ಜೋಡಿ ಹುಡುಕಿ. ಮನೆಯ ಚಿಟ್ಟಿಲಿ ಸುಮಾರು 20 ಗ್ರಾಂ, ಗುಬ್ಬಚ್ಚಿ ಸುಮಾರು 30. ಎರಡಕ್ಕೂ ಕಾಳು ಇಷ್ಟ, ಎರಡೂ ಮನುಷ್ಯರ ಬೆನ್ನು ಬಿಡದೆ ಬಂದವು.

ಉದ್ದ ನೋಡುವಾಗ ಮಾತ್ರ ಹುಷಾರು. ಹಕ್ಕಿಯನ್ನು ಕೊಕ್ಕಿನ ತುದಿಯಿಂದ ಬಾಲದ ತುದಿವರೆಗೆ ಅಳೆಯುತ್ತಾರೆ, ಇಲಿಗಾದರೆ ಮೈ ಬೇರೆ, ಬಾಲ ಬೇರೆ ಬರೆಯುತ್ತಾರೆ. ಎರಡು ಪುಸ್ತಕದ ಅಂಕಿಗಳನ್ನು ಸುಮ್ನೆ ಪಕ್ಕದಲ್ಲಿಟ್ಟರೆ ಇಲಿ ಪಾಪ ಅರ್ಧಕ್ಕೆ ಇಳಿದುಬಿಡುತ್ತದೆ. ನಾನಂತೂ ತೂಕವನ್ನೇ ನಂಬುತ್ತೇನೆ.

ಆಮೇಲೆ ಎರಡಕ್ಕೂ ಒಂದೇ ಪ್ರಶ್ನೆ ಕೇಳಿ. ಕಾಳನ್ನು ಪುಡಿ ಮಾಡೋದು ಹೇಗೆ? ಇಲಿಗೆ ಜೀವನಪೂರ್ತಿ ಬೆಳೆಯುವ ಬಾಚಿಹಲ್ಲಿದೆ, ಗುಬ್ಬಚ್ಚಿಗೆ ಹಲ್ಲೇ ಇಲ್ಲ, ಅದು ನುಂಗಿದ ಸಣ್ಣ ಕಲ್ಲುಗಳು ಹೊಟ್ಟೆಯೊಳಗೆ ಅರೆಯುವ ಕೆಲಸ ಮಾಡುತ್ತವೆ. ಮೈಬಿಸಿ ಎಷ್ಟು? ಇಲಿಯದು 37 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಗುಬ್ಬಚ್ಚಿಯದು 41ರ ಹತ್ತಿರ.

ಮರಿಗಳ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಇಲಿ 20 ದಿನ ಹೊರುತ್ತದೆ, ಗುಬ್ಬಚ್ಚಿ 12 ದಿನ ಕಾವು ಕೊಡುತ್ತದೆ ಅಂತ ಬರೆದು ಮುಗಿಸುತ್ತಾರೆ. ಆದರೆ ಹುಟ್ಟಿದಾಗ ಎರಡೂ ಕಣ್ಣು ಬಿಡದ, ಬರೀ ಮೈಯ ಕೂಸುಗಳೇ ಅಲ್ವಾ? ಹಾಗಾಗಿ ಮರಿ ತನ್ನ ಕಾಲ ಮೇಲೆ ನಿಲ್ಲುವವರೆಗೂ ಲೆಕ್ಕ ಹಾಕಿ. ಇಲಿಮರಿ ಹಾಲು ಬಿಡಲು ಇನ್ನೂ ಮೂರು ವಾರ ಬೇಕು, ಗುಬ್ಬಚ್ಚಿ ಮರಿ ಸುಮಾರು ಎರಡೇ ವಾರಕ್ಕೆ ಗೂಡು ಬಿಡುತ್ತದೆ, ಬಿಟ್ಟ ಮೇಲೂ ಕೆಲವು ದಿನ ಅಪ್ಪ ಅಮ್ಮನ ಹಿಂದೆ ಬಾಯಿ ತೆರೆದುಕೊಂಡು ಅಲೆಯುತ್ತದೆ. ಯಾರು ಉಣಿಸುತ್ತಾರೆ ಅನ್ನೋದನ್ನೂ ಬರೆಯಿರಿ. ಹಾಲು ಕೊಡೋದು ತಾಯಿಲಿ ಮಾತ್ರ, ಗುಬ್ಬಿ ಮರಿಗೆ ಇಬ್ಬರೂ ಹುಳ ತಂದು ತಿನ್ನಿಸುತ್ತಾರೆ. ಕಾಳು ತಿನ್ನುವ ಹಕ್ಕಿ, ಮರಿಗೆ ಮಾತ್ರ ಹುಳ!

ಆಯಸ್ಸು ಬರೆಯುವಾಗ ಪಂಜರದ ಅಂಕಿಗೂ ಬಯಲಿನ ಅಂಕಿಗೂ ಗಂಟು ಹಾಕಬೇಡಿ. ಪಂಜರದಲ್ಲಿ ಎರಡು ಮೂರು ವರ್ಷ ಬದುಕುವ ಇಲಿ ಹೊರಗೆ ಒಂದು ವರ್ಷ ದಾಟೋದೇ ಕಷ್ಟ.

ಕಣ್ಣಾರೆ ನೋಡಿ ಎಣಿಸೋದಾದರೆ ಗುಬ್ಬಚ್ಚಿಗೆ ಬೆಳಗ್ಗೆ ಕಾದು ಕೂರಿ. ಇಲಿ ಓಡಾಡೋದು ಹೆಚ್ಚಾಗಿ ರಾತ್ರಿ, ಹಾಗಾಗಿ ಮಲಗುವ ಮುಂಚೆ ಗೋಡೆ ಬದಿಯಲ್ಲಿ ತೆಳ್ಳಗೆ ಹಿಟ್ಟು ಉದುರಿಸಿಡಿ, ಬೆಳಗ್ಗೆ ಎದ್ದು ಹೆಜ್ಜೆ ಗುರುತು ನೋಡಿ.