ಒಟ್ಟು ತೂಕ, ನಿವ್ವಳ ತೂಕ: ಅಡಿಕೆ ಮಂಡಿ ಸಾಫ್ಟ್‌ವೇರ್‌ನಲ್ಲಿ ಸ್ವಂತ ಟೈಪ್ ಮಾಡಿಕೊಂಡ ನನ್ನ ಅನುಭವ

ಕಳೆದ ಎರಡು ಸೀಸನ್‌ನಲ್ಲಿ ನಮ್ಮ ಸಾಫ್ಟ್‌ವೇರ್ ಮೂಲಕ ಹತ್ತಿರ ಹತ್ತಿರ ಅರವತ್ತು ಸಾವಿರ ಚೀಲ ಅಡಿಕೆ ಹೋಗಿದೆ. ತೂಕದ ಲೆಕ್ಕದಲ್ಲಿ ಒಂದು ತಪ್ಪೂ ಬಂದಿಲ್ಲ. ಕೋಡಿನಲ್ಲಿ ಒಂದು ಬಗೆಯ ಸಂಖ್ಯೆ ಇನ್ನೊಂದರ ಜಾಗಕ್ಕೆ ಹೋಗದಂತೆ ಬೇರೆ ಬೇರೆ ಜಾತಿ, ಅಂದರೆ ಸ್ವಂತ ಟೈಪ್, ಮಾಡುತ್ತೇನೆ ಅಂತ ನಾನು ಹೊರಟಾಗ, ಪೂರ್ಣಾಂಕಕ್ಕೆ ಭಾಷೆಯಲ್ಲೇ ಇರುವ ಇಂಟ್ ಟೈಪ್ ತೋರಿಸಿ ನನ್ನ ಪಾರ್ಟ್ನರ್ "ಇಂಟ್ ಇದೆಯಲ್ಲ ಮಾರಾಯ, ಅದಕ್ಕೊಂದು ಅಂಗಿ ಯಾಕೆ ಹೊಲಿಸ್ತೀಯ" ಅಂದಿದ್ದ. ಬೆಂಗಳೂರಲ್ಲಿ ದೊಡ್ಡ ಕೆಲಸದಲ್ಲಿರುವ ಗೆಳೆಯನೊಬ್ಬ ಕೋಡ್ ನೋಡಿ, ಇಷ್ಟು ಸಣ್ಣ ಪ್ರಾಜೆಕ್ಟಿಗೆ ಇದು ಅತಿಯಾಯ್ತು ಅಂದ. ಅವರಿಬ್ಬರಿಗೂ ಬಾಯಲ್ಲಿ ಉತ್ತರ ಕೊಡಲು ಆಗಿರಲಿಲ್ಲ. ಈಗ ಬರೆದೇ ಹೇಳುತ್ತಿದ್ದೇನೆ.

ಶಿವಮೊಗ್ಗದ ಒಂದು ಮಂಡಿಗೆ ಮಾಡಿದ ಕೆಲಸ ಇದು. ಹಿಂದೆ ಸರ್ವರಿನಲ್ಲಿ ಗೋ ಭಾಷೆ, ಪೋಸ್ಟ್‌ಗ್ರೆಸ್ ಡೇಟಾಬೇಸ್; ಮುಂದೆ ಸ್ಕ್ರೀನಿಗೆ ಟೈಪ್‌ಸ್ಕ್ರಿಪ್ಟ್ ಭಾಷೆ. ರೈತರ ಚೀಲ ಕಾಟಾ ಮೇಲೆ ಕೂತಾಗ ಬರುವುದು ಒಟ್ಟು ತೂಕ. ಖಾಲಿ ಚೀಲದ ತೂಕ ಕಳೆದರೆ ನಿವ್ವಳ. ನನ್ನ ಕೋಡಿನಲ್ಲಿ ಎರಡೂ ಗ್ರಾಂ, ಎರಡೂ ಇಂಟ್64. ರೈತರ ಪಟ್ಟಿ, ಅಂದರೆ ಅವರಿಗೆ ಕೊಡುವ ಹಣದ ಲೆಕ್ಕದ ಚೀಟಿ, ಮಾಡುವ ಫಂಕ್ಷನ್ನಿಗೆ ಸಾಲಾಗಿ ಐದು ಇಂಟ್64 ಹೋಗುತ್ತಿದ್ದವು. ಒಂದು ರಾತ್ರಿ ಬೇರೇನೋ ರಿಪೇರಿ ಮಾಡುವಾಗ ನಿವ್ವಳ ಹೋಗಬೇಕಾದ ಜಾಗಕ್ಕೆ ಒಟ್ಟು ತೂಕ ಕಳಿಸಿಬಿಟ್ಟೆ. ಕೋಡ್ ಓಡುವ ಮೊದಲೇ ಟೈಪ್ ನೋಡುವ ಕಂಪೈಲರ್ ತಕರಾರು ಮಾಡದೆ ಕಂಪೈಲ್ ಆಯ್ತು, ಟೆಸ್ಟ್‌ಗಳೂ ಪಾಸಾದವು. ಟೆಸ್ಟಿನಲ್ಲಿ ಚೀಲದ ತೂಕ ಸೊನ್ನೆ ಅಂತ ಹಾಕಿದ್ದೆ!

ಲೆಕ್ಕ ನೋಡಿ. ಆ ದಿನ ರಾಶಿ ಅನ್ನುವ ಬಗೆಯ ಅಡಿಕೆ ಕ್ವಿಂಟಲ್‌ಗೆ 48 ಸಾವಿರದ ಆಸುಪಾಸು. ಒಂದು ಚೀಲದ ನಿವ್ವಳ 65,400 ಗ್ರಾಂ ಇದ್ದರೆ 31,392 ರೂಪಾಯಿ. ಚೀಲದ 900 ಗ್ರಾಂ ಸೇರಿಸಿ ಲೆಕ್ಕ ಹಾಕಿದರೆ 31,824. ಈ ಎರಡರಲ್ಲಿ ಯಾವುದು ತಪ್ಪು ಅಂತ ಪಟ್ಟಿ ನೋಡಿ ಯಾರು ಹೇಳುತ್ತಾರೆ? ರಾಶಿ, ಬೆಟ್ಟೆ, ಸರಕು, ಗೊರಬಲು ಒಂದೊಂದಕ್ಕೂ ಒಂದೊಂದು ದರ, ದರ ದಿನಾ ಬದಲು. ಗುಮಾಸ್ತರಿಗೆ ಅನುಮಾನವೇ ಬರಲಿಲ್ಲ. ಖರೀದಿದಾರರ ಬಿಲ್ಲು ಶನಿವಾರ ಮಾಡುವುದು, ಅದು ನಿವ್ವಳದ ಮೇಲೆ ಸರಿಯಾಗಿಯೇ ಬಂತು. ರೈತರಿಗೆ ಕೊಟ್ಟದ್ದಕ್ಕೂ ಖರೀದಿದಾರರಿಂದ ಬರಬೇಕಾದದ್ದಕ್ಕೂ ತಾಳೆ ಬೀಳದಿದ್ದಾಗ ಗೊತ್ತಾಯ್ತು. ಅಷ್ಟರಲ್ಲಿ ಇನ್ನೂರ ಹತ್ತು ಚೀಲ ಮುಗಿದಿತ್ತು, ತೊಂಬತ್ತು ಸಾವಿರ ರೂಪಾಯಿ ಮಂಡಿಯ ಕೈಯಿಂದ ಹೋಗಿತ್ತು. ಸಾಹುಕಾರರು ಒಂದು ಮಾತೂ ಏರಿಸಿ ಆಡಲಿಲ್ಲ. "ರೈತರ ಹತ್ತಿರ ವಾಪಸ್ ಕೇಳಕ್ಕಾಗಲ್ಲ ಕಣಪ್ಪ, ಮುಂದಿನ ಬೆಳೆಗೆ ನೋಡೋಣ" ಅಂದರು. ಅರ್ಧದಷ್ಟು ಮುಂದಿನ ವರ್ಷದ ಲೆಕ್ಕದಲ್ಲಿ ವಜಾ ಆಯ್ತು. ಉಳಿದದ್ದಕ್ಕೆ ನಾನು ಆ ವರ್ಷದ ಮೇಂಟೆನೆನ್ಸ್ ಬಿಲ್ಲು ಕಳಿಸಲಿಲ್ಲ. ನನಗೆ ನಲವತ್ತು ಸಾವಿರ ಹೋಯ್ತು.

ಟೈಪ್ ಅಂದ ಕೂಡಲೇ ಎಲ್ಲರೂ 1999ರ ನಾಸಾ ಮಂಗಳನೌಕೆ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಕಥೆ ತೆಗೆಯುತ್ತಾರೆ, ಪೌಂಡಿನ ಲೆಕ್ಕ ನ್ಯೂಟನ್ನಿನ ಜಾಗಕ್ಕೆ ಹೋಗಿ ನೌಕೆ ಕಳೆದುಹೋದದ್ದು. ನನ್ನ ಕಥೆಯಲ್ಲಿ ಅಳತೆ ಎರಡು ಕಡೆಯೂ ಗ್ರಾಮೇ. ಅರ್ಥ ಮಾತ್ರ ಬೇರೆ. ಕ್ವಿಂಟಲ್ ದರವನ್ನು ಕೆಜಿ ದರ ಅಂತ ಹಿಡಿದಿದ್ದರೆ ನೂರು ಪಟ್ಟು ಬಂದು ಮೊದಲ ಚೀಲಕ್ಕೇ ಗುಮಾಸ್ತರು ಕೂಗುತ್ತಿದ್ದರು. ಇದು ಕೂಗಿಸದ ತಪ್ಪು.

ಆ ಸಿಟ್ಟಿಗೆ ಎಲ್ಲದಕ್ಕೂ ಟೈಪ್ ಮಾಡಿದೆ. ತೂಕ, ದರ, ಪೈಸೆ ಸರಿ. ಊರಿನ ಹೆಸರಿಗೊಂದು, ಫೋನ್ ನಂಬರಿಗೊಂದು, ಚೀಲದ ನಂಬರಿಗೊಂದು. ನಲವತ್ತು ದಾಟಿತ್ತು ಅಂತ ನೆನಪು. ಮೂರು ತಿಂಗಳು ಸಂಜೆಗಳೆಲ್ಲ ಅದಕ್ಕೇ ಹೋದವು. ಒಂಬತ್ತು ಸಾವಿರ ಸಾಲಿದ್ದ ಕೋಡ್ ಹನ್ನೆರಡು ಸಾವಿರದ ಹತ್ತಿರ ಬಂತು. ಹೊಸದಾಗಿ ಸೇರಿದ ಹುಡುಗ ಒಂದು ಕಾಲಂ ಸೇರಿಸಲು ನಾಲ್ಕು ದಿನ ತೆಗೆದುಕೊಂಡ. ಅದರಲ್ಲಿ ಅವನ ತಪ್ಪಿರಲಿಲ್ಲ. ಊರಿನ ಹೆಸರಿಗೆ ಮಾಡಿದ ಟೈಪ್ ಅಷ್ಟು ದಿನದಲ್ಲಿ ಒಂದು ತಪ್ಪನ್ನೂ ಹಿಡಿಯಲಿಲ್ಲ, ಪ್ರತಿ ಸ್ಕ್ರೀನಿನಲ್ಲಿ ಅಡ್ಡ ಮಾತ್ರ ನಿಂತಿತು.

ಇಷ್ಟು ಮಾಡಿದರೂ ತೂತು ಮುಚ್ಚಿರಲಿಲ್ಲ. ಗೋದಲ್ಲಿ ಇಂಟ್64 ಮೇಲೆ ಬರೀ ಹೆಸರು ಕೊಟ್ಟು ಟೈಪ್ ಮಾಡಿದರೆ ವೇರಿಯಬಲ್‌ಗಳು ಬೆರೆಯುವುದಿಲ್ಲ, ನಿಜ. ಆದರೆ ಕೋಡಿನಲ್ಲಿ ನೇರವಾಗಿ ಬರೆದ ಸಂಖ್ಯೆ ಯಾವ ಟೈಪಿಗೂ ಒಳಗೆ ಬರುತ್ತದೆ. ಹಮಾಲಿ ಚೀಲಕ್ಕೆ ಹನ್ನೆರಡು ರೂಪಾಯಿ. ಯಾರೋ ಅಲ್ಲಿ 12 ಅಂತ ಬರೆದರು, ಪೈಸೆ ಟೈಪ್ ಅದನ್ನು ಹನ್ನೆರಡು ಪೈಸೆ ಅಂತ ತೆಗೆದುಕೊಂಡಿತು. ಹಿಡಿದವರು ಹಮಾಲರು. ಸಂಜೆ ಆರು ಗಂಟೆಗೆ ಮೇಸ್ತ್ರಿ ಚೀಟಿ ಹಿಡಿದುಕೊಂಡು ಆಫೀಸಿಗೆ ಬಂದು "ಇನ್ನೂರು ಚೀಲ ಹೊತ್ತಿದ್ದಕ್ಕೆ ಇಪ್ಪತ್ನಾಲ್ಕು ರೂಪಾಯಾ ಸ್ವಾಮಿ?" ಅಂತ ಕೇಳಿದರು. ಜೊತೆಗೆ, ಒಟ್ಟು ತೂಕವನ್ನು ಆವರಣದೊಳಗೆ ಹಾಕಿ ಅದರ ಮುಂದೆ ನಿವ್ವಳ ಟೈಪಿನ ಹೆಸರು ಬರೆದರೆ ಕಂಪೈಲರ್ ಸುಮ್ಮನೆ ಒಪ್ಪಿಕೊಳ್ಳುತ್ತದೆ. ಅವಸರದಲ್ಲಿ ಎಲ್ಲರೂ ಮಾಡುವುದು ಅದನ್ನೇ. ಪೈಸೆಯನ್ನು ಪೈಸೆಯಿಂದ ಗುಣಿಸಿದರೂ ಉತ್ತರ ಪೈಸೆ ಅನ್ನುತ್ತದೆ.

ಆಮೇಲೆ ನಿವ್ವಳ ತೂಕವನ್ನು ಬೇರೆ ಪ್ಯಾಕೇಜಿನಲ್ಲಿ ಸ್ಟ್ರಕ್ಟ್ (ಫೀಲ್ಡ್‌ಗಳನ್ನು ಒಳಗಿಟ್ಟುಕೊಳ್ಳುವ ಟೈಪ್) ಮಾಡಿ, ಒಳಗಿನ ಫೀಲ್ಡಿನ ಹೆಸರನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ ಇಟ್ಟೆ; ಗೋದಲ್ಲಿ ಹಾಗಿಟ್ಟರೆ ಪ್ಯಾಕೇಜಿನ ಹೊರಗಿನ ಕೋಡ್ ಅದನ್ನು ಮುಟ್ಟಲಾಗದು. ಹೊರಗಿನಿಂದ ಸೊನ್ನೆಯಲ್ಲದ ನಿವ್ವಳ ಹುಟ್ಟಿಸಲು ಒಂದೇ ದಾರಿ: ಒಟ್ಟು ತೂಕ ಮತ್ತು ಚೀಲ ಕೊಡಬೇಕು, ಫಂಕ್ಷನ್ ಕಳೆದು ಕೊಡುತ್ತದೆ. ಮೊದಲ ದಿನವೇ ಪೆಟ್ಟು ಬಿತ್ತು. ಸ್ಕ್ರೀನಿಗೆ ಡೇಟಾವನ್ನು ಪಠ್ಯ ಮಾಡಿ ಕಳಿಸುವ ಜೇಸನ್ ಪ್ಯಾಕೇಜ್ ಸಣ್ಣಕ್ಷರದ ಫೀಲ್ಡನ್ನು ನೋಡುವುದೇ ಇಲ್ಲ. ಖಾಲಿ ಆವರಣ ಬರೆದು ಕಳಿಸಿತು, ಎರರ್ ಇಲ್ಲ. ಸ್ಕ್ರೀನಿನಲ್ಲಿ ನಿವ್ವಳದ ಕಾಲಂ ಪೂರ್ತಿ ಖಾಲಿ, ಟೆಂಡರ್ ಹೊತ್ತಿಗೆ. ಡೇಟಾಬೇಸ್ ಕಡೆ ಕನಿಷ್ಠ ಎರರ್ ಕೊಟ್ಟಿತು. ಪ್ರತಿ ಟೈಪಿಗೂ ಫಂಕ್ಷನ್ ಬರೆಯಬೇಕಾಯ್ತು: ಡೇಟಾಬೇಸಿನಿಂದ ಓದಲು ಸ್ಕ್ಯಾನ್, ಅದಕ್ಕೆ ಬರೆಯಲು ವ್ಯಾಲ್ಯೂ, ಜೇಸನ್‌ದು ಎರಡು, ಕೂಡುವುದಕ್ಕೊಂದು, ಹೋಲಿಸುವುದಕ್ಕೊಂದು. ಗೋದಲ್ಲಿ ಕೂಡುವ ಚಿಹ್ನೆಗೆ ನಾವು ಅರ್ಥ ಕೊಡಲು ಆಗುವುದಿಲ್ಲವಲ್ಲ. ಟೈಪ್ ಒಂದಕ್ಕೆ ಎಂಬತ್ತು ಸಾಲು, ಅರ್ಧ ದಿನ. ನಿಜವಾದ ಖರ್ಚು ಇದು. ಓಡುವ ವೇಗಕ್ಕೆ ಏನೂ ಆಗುವುದಿಲ್ಲ. ಒಂದು ಇಂಟ್64 ಇರುವ ಸ್ಟ್ರಕ್ಟ್ ಕೂಡ ಎಂಟೇ ಬೈಟ್. ಅಳೆದು ನೋಡಿದ್ದೇನೆ, ವ್ಯತ್ಯಾಸ ಸಿಗಲಿಲ್ಲ.

ಅರ್ಧ ದಿನದ ಖರ್ಚು ಯಾವುದಕ್ಕೆ ತಕ್ಕದು ಅಂತ ನೋಡಲು ಎರಡು ಪ್ರಶ್ನೆ ಇಟ್ಟುಕೊಂಡೆ. ಎರಡು ಸಂಖ್ಯೆ ಅದಲುಬದಲಾದರೆ ಗುಮಾಸ್ತರ ಕಣ್ಣಿಗೆ ಬೀಳುತ್ತದೆಯೇ? ಎರಡನ್ನೂ ಕೂಡಿದರೆ ಉತ್ತರಕ್ಕೆ ಏನಾದರೂ ಅರ್ಥ ಇದೆಯೇ? ಎರಡಕ್ಕೂ ಇಲ್ಲ ಅಂತ ಬಂದರೆ ಮಾತ್ರ ಟೈಪ್. ಒಟ್ಟು ತೂಕ, ನಿವ್ವಳ ತೂಕ ಹೀಗೆ ಉಳಿದವು. ರೈತರ ಖಾತೆ ನಂಬರು, ಖರೀದಿದಾರರ ಖಾತೆ ನಂಬರು ಕೂಡ; ಎರಡೂ ಒಂದರಿಂದ ಶುರು, 214 ಅಂದರೆ ಯಾರು ಅಂತ ನೋಡಿ ಹೇಳಲಾಗದು. ಪೈಸೆ ಮತ್ತು ಕ್ವಿಂಟಲ್ ದರವನ್ನು ಹಮಾಲಿ ಪಾಠಕ್ಕಾಗಿ ಇಟ್ಟುಕೊಂಡೆ. ಒಟ್ಟು ಆರು. ಮುಂಗಡದ ಅಸಲು, ಬಡ್ಡಿ ಬೇರೆ ಬೇರೆ ಟೈಪ್ ಮಾಡಿ ಎರಡು ವಾರ ಹೆಣಗಿದೆ. ಅವು ಹೆಜ್ಜೆ ಹೆಜ್ಜೆಗೂ ಕೂಡಬೇಕಾದವು, ಕೋಡ್ ತುಂಬ ಬರೀ ಬದಲಾಯಿಸುವ ಕೆಲಸವೇ ಆಯ್ತು. ಕಿತ್ತು ಹಾಕಿದೆ, ಎರಡೂ ಈಗ ಪೈಸೆ.

ಚೀಲ ಚೀಲಕ್ಕೆ ಉಳಿಯುವ ಪೈಸೆಯ ಚೂರುಗಳನ್ನು ಪಟ್ಟಿಯ ಮೊತ್ತಕ್ಕೆ ಸರಿಯಾಗಿ ಕೂರಿಸುವ ಒಂದು ಉಪಾಯ ಪೈಸೆ ಟೈಪಿನೊಳಗಿದೆ. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ, ನನ್ನ ಅನ್ನ ಇರುವುದು ಅಲ್ಲೇ.

ನಡುವೆ ಒಂದು ಪ್ರಯೋಗ. ಟೈಪ್‌ಗಳಿಗೆ ಕನ್ನಡದಲ್ಲೇ ಹೆಸರಿಡೋಣ ಅಂತ ಕೂತೆ. ಗೋ 'ದರ'ವನ್ನು ಒಪ್ಪಿತು, 'ತೂಕ'ವನ್ನು ಒಪ್ಪಲಿಲ್ಲ. ತಲೆ ಕೆರೆದುಕೊಂಡು ನೋಡಿದರೆ, ಗೋ ಹೆಸರಿನಲ್ಲಿ ಅಕ್ಷರ, ಅಂಕಿ ಮಾತ್ರ ಬಿಡುತ್ತದೆ. ನಮ್ಮ ದೀರ್ಘ, ಕೊಂಬು, ಒತ್ತಿನ ಚಿಹ್ನೆಗಳನ್ನು ಯೂನಿಕೋಡ್ ಅಕ್ಷರದ ಗುಂಪಿಗೆ ಸೇರಿಸಿಲ್ಲ. 'ದರ' ಪಾಸಾದರೂ ಪ್ಯಾಕೇಜಿನಿಂದ ಹೊರಗೆ ಹೋಗದು. ಹೊರಗೆ ಕಾಣಬೇಕಾದರೆ ಹೆಸರು ದೊಡ್ಡಕ್ಷರದಿಂದ ಶುರುವಾಗಬೇಕು, ಕನ್ನಡದಲ್ಲಿ ದೊಡ್ಡಕ್ಷರ ಎಲ್ಲಿದೆ? ಪೈಥಾನ್ 3ರಲ್ಲಿ 'ತೂಕ' ಅಂತ ಬರೆದರೆ ನಡೆಯುತ್ತದೆ. ನನಗೆ ಇದು ಇವತ್ತಿಗೂ ಬೇಜಾರು.

ಟೈಪ್‌ಸ್ಕ್ರಿಪ್ಟ್ ಕಡೆ ಹೆಚ್ಚು ಕೆದಕಲಿಲ್ಲ. ಅದು ಹೆಸರು ನೋಡುವುದಿಲ್ಲ, ಆಕಾರ ನೋಡುತ್ತದೆ. ನಂಬರಿಗೆ ಎರಡು ಹೆಸರು ಕೊಟ್ಟರೂ ಅದಕ್ಕೆ ಒಂದೇ. ಅವನ್ನು ಬೇರೆ ಮಾಡಲು ಸುಳ್ಳು ಫೀಲ್ಡ್ ಅಂಟಿಸಿ ಮುದ್ರೆ ಒತ್ತುವ ವಿಧಾನ ಇದೆ, ಕಾಟಾ ಸ್ಕ್ರೀನಿನಲ್ಲಿ ಮಾತ್ರ ಇಟ್ಟಿದ್ದೇನೆ.

ಹಾಕಿದ ದುಡ್ಡು ಬಂದದ್ದು ಕಳೆದ ವರ್ಷ. ಮಂಡಿಯವರು ಗೋಣಿಚೀಲದ ಜೊತೆ ಪ್ಲಾಸ್ಟಿಕ್ ಚೀಲವನ್ನೂ ತೆಗೆದುಕೊಳ್ಳಲು ಶುರು ಮಾಡಿದರು. ಕಳೆಯುವ ತೂಕ ಇನ್ನು ಚೀಲದ ಮೇಲೆ ಬದಲಾಗಬೇಕು. ಹಳೇ ಕೋಡಾಗಿದ್ದರೆ ಎಲ್ಲೆಲ್ಲಿ 900 ಇದೆ ಅಂತ ಹುಡುಕುತ್ತಾ ಒಂದು ವಾರ ಹೋಗುತ್ತಿತ್ತು. ನಿವ್ವಳ ಹುಟ್ಟುವ ಫಂಕ್ಷನ್ ಒಂದೇ ಇದ್ದದ್ದರಿಂದ ಅದಕ್ಕೆ ಚೀಲದ ಬಗೆ ಕೇಳುವಂತೆ ಮಾಡಿದೆ. ಹನ್ನೊಂದು ಕಡೆ ಕಂಪೈಲ್ ನಿಂತಿತು. ಒಂದೊಂದಾಗಿ ಸರಿ ಮಾಡಿದೆ, ಒಂದೂವರೆ ದಿನ. ಮೂರನೇ ದಿನ ಮಂಡಿಯಲ್ಲಿ ಓಡಿತು. ಪಾರ್ಟ್ನರ್ ಪಕ್ಕದಲ್ಲಿ ಕೂತು ಆ ಹನ್ನೊಂದು ಎರರ್ ನೋಡಿದ. ಮರುದಿನ ತನ್ನ ಬಾಡಿಗೆ ಲೆಕ್ಕದ ಪ್ರಾಜೆಕ್ಟಿನಲ್ಲಿ ಮುಂಗಡಕ್ಕೊಂದು ಟೈಪ್ ಮಾಡಿದ್ದ. ನಾನು ಅವನಿಗೆ ಆ ಎರಡು ಪ್ರಶ್ನೆ ಹೇಳಿದೆ.

ಇನ್ನೊಂದು ಬಾಗಿಲು ತೆರೆದೇ ಇದೆ. ಹಳೇ ವರ್ಷಗಳ ಲೆಕ್ಕ ಎಕ್ಸೆಲ್ ಶೀಟಿನಲ್ಲಿ ಬರುತ್ತದೆ, 'ತೂಕ' ಅಂತ ಒಂದೇ ಕಾಲಂ. ಕೆಲವು ಶೀಟಿನಲ್ಲಿ ಅದು ಒಟ್ಟು, ಕೆಲವದರಲ್ಲಿ ನಿವ್ವಳ. ಅದನ್ನು ಯಾವ ಕಂಪೈಲರೂ ಹೇಳದು. ಗುಮಾಸ್ತರ ಜೊತೆ ಶೀಟ್ ಶೀಟಿಗೂ ಕೂತು ಕೇಳಿ ಬರೆದುಕೊಳ್ಳುತ್ತಿದ್ದೇನೆ. 2019ರವರೆಗೆ ಮುಗಿದಿದೆ.