ರಾತ್ರಿ ಪಾಳಿಯ ಕಿವಿ

ಬೆಳಗಿನ ಜಾವ ನಾಲ್ಕರ ಆಸುಪಾಸು. ವಿಮಾನ ಸಂಚಾರ ನಿಯಂತ್ರಕನಾದ ನನ್ನ ರೇಡಾರ್ ಪರದೆಯ ಮೇಲೆ ಆರೇ ಆರು ವಿಮಾನಗಳಿದ್ದವು. 31,000 ಅಡಿಯಲ್ಲಿ ಪೂರ್ವಕ್ಕೆ ಹೊರಟಿದ್ದ ಒಂದು ವಿಮಾನ ಮೇಲೇರಲು ಅನುಮತಿ ಕೇಳಿತು. ನಾನು 33,000 ಅಡಿ, ಅಂದರೆ ನಮ್ಮ ವೃತ್ತಿಯ ಮಾತಿನಲ್ಲಿ ಫ್ಲೈಟ್ ಲೆವೆಲ್ ತ್ರೀ ತ್ರೀ ಝೀರೋ, ಕೊಟ್ಟೆ. ಪೈಲಟ್ ತಾವು ಕೇಳಿದ್ದನ್ನು ಮರಳಿ ಹೇಳಿ ಒಪ್ಪಿಸಿದರು. ಸರಿಯಾಗಿದೆ ಎಂದು, ಆ ವಿಮಾನದ ವಿವರ ಬರೆದ ಕಾಗದದ ಪಟ್ಟಿಯಾದ ಸ್ಟ್ರಿಪ್‌ನಲ್ಲಿ ಗುರುತು ಹಾಕಿ ಮುಂದಿನ ವಿಮಾನದತ್ತ ತಿರುಗಿದೆ. ಪಕ್ಕದಲ್ಲಿದ್ದ ಜೊತೆ ನಿಯಂತ್ರಕ (ಪ್ಲಾನಿಂಗ್ ಕಂಟ್ರೋಲರ್), ನನಗಿಂತ ಹತ್ತು ವರ್ಷ ಚಿಕ್ಕವನು, ನನ್ನ ಮೊಣಕೈ ಮುಟ್ಟಿ, "ಸಾರ್, ಅವರು ತ್ರೀ ಫೈವ್ ಝೀರೋ ಅಂದ್ರು" ಎಂದ. 35,000 ಅಡಿಗೆ ಏರುವ ದಾರಿಯಲ್ಲೇ, ಎದುರಿನಿಂದ 34,000 ಅಡಿಯಲ್ಲಿ ಇನ್ನೊಂದು ವಿಮಾನ ಬರುತ್ತಿತ್ತು. ಎರಡು ಜೆಟ್‌ಗಳು ಎದುರುಬದುರಾದಾಗ ನಡುವಿನ ಅಂತರ ನಿಮಿಷಕ್ಕೆ ಸುಮಾರು 15 ನಾಟಿಕಲ್ ಮೈಲಿಯಂತೆ ಕರಗುತ್ತದೆ. ಕೂಡಲೇ ತಿದ್ದಿ ಹೇಳಿದೆ. ವಿಮಾನ 33,000 ಅಡಿಯಲ್ಲೇ ನಿಂತಿತು.

ಕೆಲವು ದಿನಗಳ ನಂತರ ಆ ಧ್ವನಿಮುದ್ರಣವನ್ನು ಕೇಳಿಸಿಕೊಂಡೆ. ಪೈಲಟ್ ಮಾತು ತೊದಲಿರಲಿಲ್ಲ, ರೇಡಿಯೊದಲ್ಲಿ ಗರಗರ ಸದ್ದೂ ಇರಲಿಲ್ಲ. "ಫೈವ್" ಎಂಬ ಶಬ್ದ ಸ್ಫಟಿಕದಷ್ಟು ಸ್ಪಷ್ಟವಾಗಿತ್ತು. ಆ ರಾತ್ರಿ ನಾನು ತೂಕಡಿಸುತ್ತಿದ್ದೆನೆಂದು ಯಾರೂ ಹೇಳಲಾರರು, ಕಣ್ಣು ತೆರೆದೇ ಕುಳಿತಿದ್ದೆ. ಆದರೆ ದಣಿದ ಕಿವಿ ತಾನು ನಿರೀಕ್ಷಿಸಿದ್ದನ್ನೇ ಕೇಳಿಸಿಕೊಳ್ಳುತ್ತದೆ, ಮತ್ತು ಹಾಗೆ ಕೇಳಿಸಿಕೊಂಡದ್ದು ಅದಕ್ಕೆ ತಿಳಿಯುವುದೂ ಇಲ್ಲ. ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಈ ಎರಡನೆಯ ಸಂಗತಿ.

ಆಗ ನಮ್ಮ ಪಾಳಿಯ ಕ್ರಮ ಹೀಗಿತ್ತು: ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಮನೆಗೆ ಹೋದವರು ಅದೇ ರಾತ್ರಿ ಮತ್ತೆ ಕೆಲಸಕ್ಕೆ ಬರಬೇಕು. ಅಮೆರಿಕದ ಲೆಕ್ಸಿಂಗ್ಟನ್ ವಿಮಾನ ನಿಲ್ದಾಣದ ಅಪಘಾತದ ತನಿಖಾ ವರದಿಯನ್ನು ಓದಿದಾಗ ನನ್ನದೇ ದಿನಚರಿಯನ್ನು ಓದಿದಂತಾಯಿತು. 2006ರ ಆಗಸ್ಟ್ 27ರ ನಸುಕಿನಲ್ಲಿ ಅಲ್ಲಿ ಒಂದು ವಿಮಾನ ಸುಮಾರು 7,000 ಅಡಿ ಉದ್ದದ ರನ್‌ವೇ ಬಿಟ್ಟು 3,500 ಅಡಿಯ ಇನ್ನೊಂದರಿಂದ ಮೇಲೇರಲು ಹೋಗಿ ಅಪ್ಪಳಿಸಿತು. ಅದರಲ್ಲಿದ್ದ 50 ಜನರಲ್ಲಿ 49 ಮಂದಿ ಸತ್ತರು. ತನಿಖೆಯು ಮುಖ್ಯ ಕಾರಣವೆಂದು ಗುರುತಿಸಿದ್ದು ಪೈಲಟ್‌ಗಳ ತಪ್ಪನ್ನೇ. ಆದರೆ ಟವರ್‌ನಲ್ಲಿ ಒಬ್ಬರೇ ಇದ್ದ ನಿಯಂತ್ರಕರು ಹಿಂದಿನ ದಿನ ಮಧ್ಯಾಹ್ನ ಎರಡೂವರೆಗೆ ಪಾಳಿ ಮುಗಿಸಿ, ಸುಮಾರು ಎರಡು ಗಂಟೆಯಷ್ಟೇ ನಿದ್ದೆ ಮಾಡಿ, ರಾತ್ರಿ ಹನ್ನೊಂದೂವರೆಗೆ ಮರಳಿದ್ದರು; ಟೇಕಾಫ್‌ಗೆ ಅನುಮತಿ ಕೊಟ್ಟ ಮೇಲೆ ಅವರು ಬೇರೆ ಕಚೇರಿ ಕೆಲಸಕ್ಕೆ ತಿರುಗಿದ್ದರು. ಅವರನ್ನು ದೂಷಿಸಲು ನನಗೆ ಮನಸ್ಸು ಬರಲಿಲ್ಲ.

ಪಾಳಿಪಟ್ಟಿ ನನ್ನ ಕೈಯಲ್ಲಿರಲಿಲ್ಲವಾದ್ದರಿಂದ ನನ್ನ ಕೈಯಲ್ಲಿದ್ದುದನ್ನು ಬದಲಿಸಿಕೊಂಡೆ. ಪೈಲಟ್ ಮರಳಿ ಒಪ್ಪಿಸುವಾಗ ಪೆನ್ನಿನ ಮೊನೆಯನ್ನು ಸ್ಟ್ರಿಪ್ ಮೇಲೆ ಬರೆದ ಅಂಕಿಗಳ ಕೆಳಗಿಟ್ಟು, ಒಂದೊಂದು ಅಂಕಿ ಕಿವಿಗೆ ಬಿದ್ದಂತೆ ಅದರ ಕೆಳಗೆ ಗೆರೆ ಎಳೆಯತೊಡಗಿದೆ. ಕಿವಿ ಮೋಸ ಮಾಡಿದರೂ ಕೈ ಒಂದು ಕ್ಷಣ ತಡೆಯುತ್ತದೆ. ಎರಡು ಪಾಳಿಗಳ ನಡುವಿನ ಮಧ್ಯಾಹ್ನ ಕಿಟಕಿಗೆ ಕಪ್ಪು ಪರದೆ ಬಂತು, ಫೋನು ಅಡುಗೆಮನೆಗೆ ಹೋಯಿತು, ಬಂಧುಗಳ ಮನೆಯ ಎಷ್ಟೋ ಸಮಾರಂಭಗಳು ತಪ್ಪಿದವು. ನಡುರಾತ್ರಿ ಹೊಟ್ಟೆ ತುಂಬ ಅನ್ನ ಉಣ್ಣುವುದನ್ನು ಬಿಟ್ಟೆ. ವಿರಾಮದಲ್ಲಿ ಇಪ್ಪತ್ತೈದು ನಿಮಿಷಕ್ಕೆ ಅಲಾರಂ ಇಟ್ಟು ಮಲಗುತ್ತಿದ್ದೆ. ಎದ್ದ ಕೂಡಲೇ ಕನ್ಸೋಲಿಗೆ ಕೂರದೆ, ಮುಖ ತೊಳೆದು ಕಾಲು ಗಂಟೆ ಓಡಾಡುತ್ತಿದ್ದೆ. ನಿದ್ದೆಯ ಮಂಪರು ಹರಿಯದ ತಲೆ ದಣಿದ ತಲೆಗಿಂತ ಅಪಾಯಕಾರಿ ಎಂಬುದು ನನ್ನ ಅನುಭವ.

ಇವೆಲ್ಲ ನಿದ್ದೆಗೆ ಬದಲಿಯಲ್ಲ. 2020ರ ನವೆಂಬರ್‌ನಿಂದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡಗಳು ನಿಯಂತ್ರಕರ ದಣಿವಿನ ನಿರ್ವಹಣೆಯನ್ನೂ ಒಳಗೊಂಡಿವೆ. ನಮ್ಮ ದೇಶದಲ್ಲೂ ಕರ್ತವ್ಯದ ಅವಧಿಗೆ, ವಿಶ್ರಾಂತಿಗೆ ನಿಯಮಗಳಿವೆ. ಆದರೆ ನಿಯಮ ಕೊಡುವ ಬಿಡುವಿನಲ್ಲಿ ನಿದ್ದೆ ಬಂತೋ ಇಲ್ಲವೋ ಎಂಬುದನ್ನು ನಿಯಂತ್ರಕನೇ ಬಾಯಿಬಿಟ್ಟು ಹೇಳಬೇಕು. ನನಗೆ ಅತ್ಯಂತ ಕಷ್ಟವಾದದ್ದು ಅದೇ. ಮಗನ ಜ್ವರದಿಂದ ಮಧ್ಯಾಹ್ನವಿಡೀ ಕಣ್ಣು ಮುಚ್ಚದೆ ಬಂದ ಒಂದು ರಾತ್ರಿ, ಲಾಗ್ ಪುಸ್ತಕಕ್ಕೆ ಸಹಿ ಹಾಕುವ ಮುನ್ನ ಪಾಳಿಯ ಮೇಲ್ವಿಚಾರಕರ ಬಳಿ ಹೋಗಿ, "ಸಾರ್, ಇವತ್ತು ರೇಡಾರ್‌ನಲ್ಲಿ ಕೂರೋದಕ್ಕೆ ನನ್ನಿಂದ ಆಗಲ್ಲ" ಎಂದೆ. ಇಷ್ಟು ವರ್ಷ ದುಡಿದವನ ದನಿ ಆಗ ನಡುಗಿತು. ಅವರು ಏನನ್ನೂ ಕೇಳದೆ ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ಗೆರೆ ಎಳೆದು, ಬದಲಿಯವರ ಹೆಸರು ಬರೆದುಕೊಂಡರು.