ಮಂಡಿಯೂರಿದ ಕಾರು ಮತ್ತು ನನ್ನ ಲೆಕ್ಕದ ಪುಸ್ತಕ

2022ರ ಜೂನ್‌ನಲ್ಲಿ ಒಂದು ಬೆಳಿಗ್ಗೆ ಶೆಡ್ಡಿಗೆ ಹೋದರೆ ಕಾರು ಎಡ ಮುಂಗಾಲು ಮಡಚಿ ಕೂತ ಹಾಗೆ ನಿಂತಿತ್ತು. ಪಂಕ್ಚರ್ ಅಂದುಕೊಂಡೆ. ಬಗ್ಗಿ ನೋಡಿದರೆ ಟೈರಿನಲ್ಲಿ ಗಾಳಿ ಸರಿಯಾಗಿಯೇ ಇದೆ, ಬಾಡಿಯೇ ಟೈರಿನ ಮೇಲೆ ಇಳಿದುಬಿಟ್ಟಿದೆ. ಇಂಜಿನ್ ಚಾಲೂ ಮಾಡಿದೆ. ಒಳಗೆಲ್ಲೋ ಒಂದು ಪಂಪು ಗುರ್ ಎಂದಿತು. ಅರ್ಧ ನಿಮಿಷದಲ್ಲಿ ಕಾರು ಮೆಲ್ಲಗೆ ಎದ್ದು ನಿಂತಿತು, ಏನೂ ಆಗೇ ಇಲ್ಲವೆನ್ನುವ ಹಾಗೆ. ನಾನೂ ಏನೂ ಆಗಿಲ್ಲ ಅಂದುಕೊಂಡು ಅಂಗಡಿಗೆ ಹೋದೆ. ಆ ಉದಾಸೀನಕ್ಕೆ 75 ಸಾವಿರ ತೆತ್ತೆ.

ನನ್ನದು ಹಾಸನದಲ್ಲಿ ಹಾರ್ಡ್‌ವೇರ್ ಅಂಗಡಿ. 2021ರ ಕೊನೆಯಲ್ಲಿ ಏಳು ವರ್ಷ ಹಳೆಯ ಜರ್ಮನ್ ಎಸ್‌ಯುವಿ ಕೊಂಡೆ. ಮೂರು ಲೀಟರ್ ಡೀಸೆಲ್, ಆಟೋಮ್ಯಾಟಿಕ್, ಸ್ಪ್ರಿಂಗ್ ಬದಲು ಗಾಳಿಯ ಮೇಲೆ ನಿಲ್ಲುವ ಏರ್ ಸಸ್ಪೆನ್ಶನ್. ಕಂಪನಿ ಹೆಸರು ಬೇಡ. ಈ ದರ್ಜೆಯ ಹಳೇ ಕಾರುಗಳ ಕಥೆ ಹೆಚ್ಚು ಕಡಿಮೆ ಒಂದೇ. ಹೊಸತಾಗಿದ್ದಾಗ ಆನ್‌ರೋಡ್ 75 ಲಕ್ಷದ ಹತ್ತಿರ. 68 ಸಾವಿರ ಕಿಲೋಮೀಟರ್ ಓಡಿದ್ದು ನನಗೆ 21 ಲಕ್ಷಕ್ಕೆ ಸಿಕ್ಕಿತು. ಸುದ್ದಿ ಕೇಳಿದ ಭಾವ ಒಂದೇ ಮಾತು ಅಂದರು: "ಆನೆ ಅಗ್ಗಕ್ಕೆ ಸಿಕ್ತು ಸರಿ. ಮೇವೂ ಅಗ್ಗಕ್ಕೆ ಸಿಗುತ್ತಾ?"

ಅದಕ್ಕೂ ಮೊದಲು ಇಂಥದ್ದೇ ಕಾರು ದೆಹಲಿ ನಂಬರಿನದು 15 ಲಕ್ಷಕ್ಕೇ ಬಂದಿತ್ತು. ಯಾಕಪ್ಪಾ ಇಷ್ಟು ಅಗ್ಗ ಅಂತ ವಿಚಾರಿಸಿದೆ. ಡೀಸೆಲ್ ಗಾಡಿಗೆ ಅಲ್ಲಿ ಆಗ ಹತ್ತು ವರ್ಷದ ಮಿತಿ ಇತ್ತು. 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿದ್ದನ್ನು 2018ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. ಹಾಗಾಗಿ ಅಲ್ಲಿನವರು ಏಳೆಂಟು ವರ್ಷಕ್ಕೇ ಎನ್‌ಒಸಿ ಮಾಡಿಸಿ ದಕ್ಷಿಣಕ್ಕೆ ದಾಟಿಸುತ್ತಿದ್ದರು. ಆದರೆ ಇಲ್ಲಿ ಮರುನೋಂದಣಿ ಮಾಡಿಸುವಾಗ ಲೈಫ್ ಟ್ಯಾಕ್ಸ್ ಕಟ್ಟಬೇಕು. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಹೊಸ ಕಾರಿಗೆ ಅದು 18 ಪರ್ಸೆಂಟ್, ಮೇಲೆ ಸೆಸ್ ಬೇರೆ. ಹಳೇ ಗಾಡಿಗೆ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ, ಆದರೆ ಲೆಕ್ಕ ಶುರುವಾಗುವುದು ಹೊಸದರ ಬೆಲೆಯಿಂದ. ನೀವು ಕೊಟ್ಟ 15 ಲಕ್ಷ ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಟ್ಯಾಕ್ಸ್, ಓಡಾಟ, ಏಜೆಂಟು ಎಲ್ಲ ಸೇರಿಸಿ ನೋಡಿದೆ. ಉಳಿಯುವುದು ಅಷ್ಟಕ್ಕಷ್ಟೇ. ಕೆಎ ನಂಬರಿನದೇ ಸಾಕು ಅಂದೆ.

ಕೊಳ್ಳುವ ಮೊದಲು ಬೆಂಗಳೂರಿನ ಒಬ್ಬ ಗ್ಯಾರೇಜಿನವರನ್ನು ಕರೆದುಕೊಂಡು ಹೋಗಿದ್ದೆ. ಅವರು ಸ್ಕ್ಯಾನರ್ ಹಾಕಿ ಮೀಟರಿನ ಕಿಲೋಮೀಟರನ್ನೂ ಒಳಗಿನ ಬೇರೆ ಯೂನಿಟ್‌ಗಳಲ್ಲಿ ದಾಖಲಾದದ್ದನ್ನೂ ತಾಳೆ ನೋಡಿದರು. ಮೀಟರ್ ತಿರುಗಿಸುವವರು ಎಲ್ಲ ಕಡೆ ತಿದ್ದುವ ಗೋಜಿಗೆ ಹೋಗುವುದಿಲ್ಲವಂತೆ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಬುಡದಲ್ಲಿ ಕೆಸರಿನ ಕಲೆ ಇದೆಯಾ ಅಂತ ನೋಡಿದರು. ನೆರೆಯಲ್ಲಿ ಮುಳುಗಿದ ಕಾರಾದರೆ ಅಲ್ಲಿ ಸಿಕ್ಕಿಬೀಳುತ್ತದೆ. ಟೈರಿನ ಮೇಲೆ 4714 ಅಂತಿತ್ತು, ಅಂದರೆ 2014ರ 47ನೇ ವಾರ. ಗೀರು ಚೆನ್ನಾಗಿದ್ದರೂ ರಬ್ಬರು ಏಳು ವರ್ಷದ್ದು. ನಾಲ್ಕೂ ಬದಲಾಯಿಸಲು 96 ಸಾವಿರ.

ಇಷ್ಟೆಲ್ಲ ನೋಡಿದವರು ಒಂದನ್ನು ಬಿಟ್ಟೆವು. ಏರ್ ಸಸ್ಪೆನ್ಶನ್ ಇರುವ ಕಾರನ್ನು ಒಂದು ರಾತ್ರಿ ಪೂರ್ತಿ ನಿಲ್ಲಿಸಿ, ಬೆಳಿಗ್ಗೆ ನಾಲ್ಕೂ ಮೂಲೆಯ ಎತ್ತರ ಅಳೆಯಬೇಕು. ನಾವು ನೋಡಿದ್ದು ಒಂದೇ ಗಂಟೆ. ಸ್ಪ್ರಿಂಗ್ ಜಾಗದಲ್ಲಿ ಇರುವುದು ರಬ್ಬರಿನ ಗಾಳಿಚೀಲ. ವಯಸ್ಸಾದಂತೆ ಮಡಿಕೆಗಳಲ್ಲಿ ಸಣ್ಣ ಬಿರುಕು ಬಿಡುತ್ತದೆ, ರಾತ್ರಿಯೆಲ್ಲ ಗಾಳಿ ಸೋರುತ್ತದೆ. ಬೆಳಿಗ್ಗೆ ಕಂಪ್ರೆಸರ್, ಅಂದರೆ ಆ ಗುರ್ ಎಂದ ಪಂಪು, ಮತ್ತೆ ತುಂಬುತ್ತದೆ. ಮೊದಲೇ ಹೇಳಿದೆನಲ್ಲ, ಎದ್ದು ನಿಂತಿತು ಅಂತ ನಾನು ಸುಮ್ನಿದ್ದೆ. ಎರಡು ತಿಂಗಳು ಹಗಲೂ ರಾತ್ರಿ ದುಡಿದು ಕಂಪ್ರೆಸರೇ ಸುಟ್ಟಿತು. ಆ 75 ಸಾವಿರ ಹೋದದ್ದು ಇದಕ್ಕೇ. ನಾನು ಓಡಿಸಿದ 41 ಸಾವಿರ ಕಿಲೋಮೀಟರಿನಲ್ಲಿ ಅಷ್ಟು ಬೇಸರ ತಂದ ರಿಪೇರಿ ಬೇರೆ ಇಲ್ಲ, ಯಾಕೆಂದರೆ ತಪ್ಪು ನನ್ನದೇ.

ಗಾಳಿಚೀಲಕ್ಕೆ ಷೋರೂಮಿನಲ್ಲಿ ಮುಂದಿನ ಒಂದು ಕಡೆಗೇ 1.6 ಲಕ್ಷ ಅಂದರು. ಹೊರಗಿನ ಗ್ಯಾರೇಜಿನಲ್ಲಿ ಎರಡೂ ಕಡೆ ಸೇರಿ 1.7 ಲಕ್ಷಕ್ಕೆ ಮುಗಿಯಿತು. ಕಾರು ಕಂಪನಿಗೆ ಮಾಡಿಕೊಡುವವರೇ ತಮ್ಮ ಹೆಸರಿನ ಡಬ್ಬಿಯಲ್ಲೂ ಅದನ್ನು ಮಾರುತ್ತಾರೆ, ಲೋಗೊ ಮಾತ್ರ ಇರುವುದಿಲ್ಲ. ಇಂಥ ಗ್ಯಾರೇಜು ಪತ್ತೆ ಮಾಡಿಕೊಳ್ಳದೆ ಈ ಕಾರುಗಳಿಗೆ ಕೈ ಹಾಕಬೇಡಿ. ಗೇರ್‌ಬಾಕ್ಸ್ ಆಯಿಲ್ ವಿಷಯದಲ್ಲೂ ಹಾಗೇ ಆಯಿತು. ಅದು ಲೈಫ್‌ಟೈಮ್, ಬದಲಾಯಿಸುವುದೇ ಬೇಡ ಅಂತ ಎಲ್ಲೋ ಓದಿದ್ದೆ. ಗ್ಯಾರೇಜಿನವರು ನಕ್ಕರು: "ಗಾಡಿ ಲೈಫಾ ಸರ್, ಆಯಿಲ್ ಲೈಫಾ?" 48 ಸಾವಿರ ಕೊಟ್ಟು ಬದಲಾಯಿಸಿದ ಮೇಲೆ ಎರಡನೇ ಗೇರಿನಲ್ಲಿ ಕೊಡುತ್ತಿದ್ದ ಜರ್ಕು ನಿಂತಿತು. ಬ್ಯಾಟರಿಯನ್ನು ಕೂಡ ಸುಮ್ನೆ ಹಾಕಿ ಬರುವ ಹಾಗಿಲ್ಲ, ಹೊಸದು ಬಂದಿದೆ ಅಂತ ಕಾರಿನ ಕಂಪ್ಯೂಟರಿಗೆ ತಿಳಿಸಬೇಕು.

ಹಾಗಾದರೆ ಯಾಕೆ ಇಟ್ಟುಕೊಂಡೆ? ತಂಗಿ ಇರುವುದು ಪುತ್ತೂರಿನಲ್ಲಿ. ಸಕಲೇಶಪುರ ದಾಟಿ ಶಿರಾಡಿ ಇಳಿಯಬೇಕು. ಜುಲೈ ಮಳೆ, ರಾತ್ರಿ ಎಂಟು ಗಂಟೆ, ದೋಣಿಗಲ್ ಹತ್ತಿರ ರಸ್ತೆ ಅಂತ ಒಂದು ಇದೆಯೋ ಇಲ್ಲವೋ ಗೊತ್ತಾಗದ ಹೊತ್ತು. ಬಟನ್ ಒತ್ತಿದರೆ ಕಾರು ಎರಡು ಮೂರು ಬೆರಳಿನಷ್ಟು ಮೇಲೇಳುತ್ತದೆ. ಗುಂಡಿ ಬಿದ್ದದ್ದು ಕಣ್ಣಿಗೆ ಕಾಣುತ್ತದೆ, ಮೈಗೆ ಗೊತ್ತಾಗುವುದಿಲ್ಲ. ಟ್ಯಾಂಕರುಗಳ ಗದ್ದಲ ಗಾಜಿನ ಆಚೆಗೇ ನಿಲ್ಲುತ್ತದೆ. ಸೊಂಟ ನೋವಿನ ಅಮ್ಮ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುವುದು ನನಗೆ ಕೇಳಿಸುತ್ತದೆ! ಹಳೇ ಕಾರಿನಲ್ಲಿ ಅವರು ಘಾಟಿ ಮುಗಿಯುವ ತನಕ ಮೇಲಿನ ಹಿಡಿ ಬಿಡುತ್ತಿರಲಿಲ್ಲ.

ಒಂದು ತಮಾಷೆ. ಮೊದಲ ಸಲ ಕಂಫರ್ಟ್ ಮೋಡ್ ಹಾಕಿ, ಅಮ್ಮನಿಗೆ ಹೂವಿನ ಹಾಗೆ ಇರಲಿ ಅಂತ ಓಡಿಸಿದೆ. ಗುಂಡ್ಯದ ಹತ್ತಿರ ಎರಡು ಸಲ ವಾಂತಿ. ಜೋಕಾಲಿಯ ಹಾಗೆ ತೂಗಾಡುವ ಕಾರು ತಿರುವುಗಳಲ್ಲಿ ಹೊಟ್ಟೆ ತೊಳಸುತ್ತದೆ. ಈಗ ಘಾಟಿಯಲ್ಲಿ ಸ್ಪೋರ್ಟ್ ಮೋಡ್, ಜೊತೆಗೆ ಒಂದು ನಿಂಬೆಹಣ್ಣು.

ಬಿಲ್ಲಿಲ್ಲದ ಖರ್ಚೂ ಇದೆ. ಮನೆಗೆ ಟೈಲ್ಸ್ ಹಾಕಿಸಲು ಮೇಸ್ತ್ರಿಯನ್ನು ಕರೆದಿದ್ದೆ. ಶೆಡ್ಡಿನ ಕಡೆ ನೋಡಿ ಆಮೇಲೆ ರೇಟು ಹೇಳಿದ. ಛತ್ರದ ಗೇಟಿನಲ್ಲಿ ಸೆಲ್ಯೂಟ್ ಸಿಗುತ್ತದೆ, ಮುಯ್ಯಿ ಬರೆಯುವವನೂ ಅದನ್ನು ನೋಡಿರುತ್ತಾನೆ. ದೂರದ ನೆಂಟರು ಕೈಸಾಲ ಕೇಳಿದಾಗ ಇಲ್ಲ ಅಂದರೆ ನಂಬುವುದಿಲ್ಲ. 21 ಲಕ್ಷ ಅಂತ ಬೋರ್ಡು ಬರೆಸಿ ತೂಗು ಹಾಕಲಾಗುತ್ತಾ?

ಅಂಗಡಿಯವನಾದ್ದರಿಂದ ಪ್ರತಿ ರೂಪಾಯಿ ಬರೆದಿಟ್ಟಿದ್ದೇನೆ. ಮೂರೂವರೆ ವರ್ಷ, 41 ಸಾವಿರ ಕಿಲೋಮೀಟರ್. ಊರೊಳಗೆ ಎಂಟು, ಹೈವೇಯಲ್ಲಿ ಹನ್ನೆರಡು, ಸರಾಸರಿ ಹತ್ತರ ಮೈಲೇಜಿನಲ್ಲಿ ಡೀಸೆಲ್ಲಿಗೆ 3.6 ಲಕ್ಷ. ಸರ್ವಿಸ್, ರಿಪೇರಿ 5.2 ಲಕ್ಷ. ಟೈರು 96 ಸಾವಿರ. ಇನ್ಶೂರೆನ್ಸ್ ನಾಲ್ಕು ಸಲಕ್ಕೆ 2.4 ಲಕ್ಷ, ಕಾರು ಹಳೆಯದು ಅಂತ ಝೀರೊ ಡೆಪ್ (ಬಿಡಿಭಾಗಕ್ಕೆ ಸವಕಳಿ ಕಳೆಯದೆ ದುಡ್ಡು ಕೊಡುವ ಪಾಲಿಸಿ) ಕೊಡಲಿಲ್ಲ. ಈಗ ಬ್ರೋಕರ್ ಕೇಳುತ್ತಿರುವುದು 12.5 ಲಕ್ಷ, ಅಂದರೆ ಬೆಲೆಯಲ್ಲಿ ಕರಗಿದ್ದು 8.5 ಲಕ್ಷ. ಒಟ್ಟು 20 ಲಕ್ಷ ದಾಟಿತು. ಕಿಲೋಮೀಟರಿಗೆ 50 ರೂಪಾಯಿ! ಬಾಡಿಗೆ ಇನ್ನೋವಾ ತರಿಸಿಕೊಂಡಿದ್ದರೆ 20ಕ್ಕೆ ಮುಗಿಯುತ್ತಿತ್ತು, ಡ್ರೈವರ್ ಸಮೇತ.

ಬ್ಯಾಂಕಿನಲ್ಲಿ ಈ ಕಾರಿಗೆಂದೇ ಮೂರು ಲಕ್ಷ ಬೇರೆ ಇಟ್ಟಿದ್ದೆ. ಆ ದುಡ್ಡು ಇಲ್ಲದಿದ್ದರೆ ಕಂಪ್ರೆಸರ್ ಹೋದ ದಿನವೇ ಸಿಕ್ಕಷ್ಟಕ್ಕೆ ಮಾರಿಬಿಡುತ್ತಿದ್ದೆ. ಬಿಎಸ್-6 ಅನ್ನುವ ಹೊಸ ಹೊಗೆ ನಿಯಮದ ಡೀಸೆಲ್ ಕಾರು ನೋಡುತ್ತಿರುವವರಿಗೆ ಇನ್ನೊಂದು ಮಾತು. ಅದರಲ್ಲಿ ಹೊಗೆಯ ಮಸಿ ಹಿಡಿದಿಡುವ ಡಿಪಿಎಫ್ ಅನ್ನುವ ಫಿಲ್ಟರ್ ಇರುತ್ತದೆ. ಆಗಾಗ ಹೈವೇಯಲ್ಲಿ ಬಿಸಿಯಾಗಿ ಓಡಿದರೇ ಆ ಮಸಿ ಸುಡುವುದು. ಮನೆಯಿಂದ ಅಂಗಡಿಗೆ ಎರಡು ಕಿಲೋಮೀಟರ್ ಓಡಿಸುವವರಾದರೆ ಪೆಟ್ರೋಲ್ ನೋಡಿ.

ಕಳೆದ ತಿಂಗಳು ಗೆಳೆಯನ ಮಗ ಅಂಗಡಿಗೆ ಬಂದಿದ್ದ. ಇಂಥದ್ದೇ ಒಂದು ನೋಡಿದ್ದಾನಂತೆ, 18 ಲಕ್ಷಕ್ಕೆ. ನಾನು ಮಾತಾಡಲಿಲ್ಲ, ಪುಸ್ತಕವನ್ನೇ ಮುಂದೆ ಇಟ್ಟೆ. ರಿಪೇರಿ ಪುಟಗಳನ್ನು ಗಂಭೀರವಾಗಿ ತಿರುವಿದ. 50 ರೂಪಾಯಿ ನೋಡಿ "ಅಯ್ಯಪ್ಪಾ" ಅಂದ. ಆಮೇಲೆ, "ಅಂಕಲ್, ಒಂದ್ಸಲ ಓಡಿಸಿ ನೋಡ್ಲಾ?" ಅಂದ. ಕೀ ಕೊಟ್ಟೆ. ಸಕಲೇಶಪುರದ ರೋಡಿನಲ್ಲಿ ಒಂದು ಗಂಟೆ ಸುತ್ತಾಡಿ ಬಂದ. ಮುಖ ನೋಡಿದ ಕೂಡಲೇ ಗೊತ್ತಾಯಿತು. ಪುಸ್ತಕ ಟೇಬಲ್ ಮೇಲೆ ತೆರೆದೇ ಇತ್ತು. ಆ ಕಡೆ ತಿರುಗಿಯೂ ನೋಡದೆ, ಗ್ಯಾರೇಜಿನವರ ಫೋನ್ ನಂಬರ್ ಕೇಳಿದ.